ಸೆಕೆಂಡ್ ಹ್ಯಾಂಡ್ ಟಿವಿಎಸ್ ಅಪಾಚೆ ಆರ್‌ಆರ್ 310 ಬೈಕ್ ನೋಡೋಕೆ ಹೋಗ್ತಿದೀರಾ? ಇಂಜಿನ್ ತಣ್ಣಗಿರುವಾಗ್ಲೇ ಹೋಗಿ

ಹಿಂದಿನ ದಿನಾನೇ ಓನರ್‌ಗೆ ಫೋನ್ ಮಾಡಿ "ನಾನು ಬರೋವರ್ಗೂ ಗಾಡಿ ಸ್ಟಾರ್ಟ್ ಮಾಡ್ಬೇಡಿ ಸಾರ್" ಅಂತ ಹೇಳ್ಬಿಡಿ. ಬೆಳಿಗ್ಗೆ ಹೋಗಿ, ಇಂಜಿನ್ ಮೇಲೆ ಕೈ ಇಟ್ಟು ನೋಡಿ, ಬಿಸಿ ಇದ್ರೆ ಯಾಕೆ ಅಂತ ನೇರವಾಗಿ ಕೇಳಿ. ತಣ್ಣಗಿರೋ ಇಂಜಿನ್ ಮೊದಲ ಸಲ ಸ್ಟಾರ್ಟ್ ಆಗುವಾಗ ಬರೋ ಸದ್ದಲ್ಲೇ ಅದರ ಜಾತಕ ಇರತ್ತೆ. ಎರಡು ಮೂರು ನಿಮಿಷ ಆದ್ಮೇಲೂ ಟೈಮಿಂಗ್ ಚೈನ್ (ಇಂಜಿನ್ ಒಳಗಿನ ವಾಲ್ವ್‌ಗಳನ್ನ ಸರಿಯಾದ ಹೊತ್ತಿಗೆ ಆಡಿಸೋ ಚೈನ್) ಕಟಕಟ ಅಂತಿದ್ರೆ ಆ ಗಾಡಿ ಬೇಡ.

ಈ ಇಂಜಿನ್ ಬಗ್ಗೆ ಒಂಚೂರು ಹೇಳ್ಲೇಬೇಕು. 1982ರಿಂದ ರೇಸ್ ಟೀಮ್ ನಡೆಸ್ತಿರೋ ಟಿವಿಎಸ್, 2013ರಲ್ಲಿ ಬಿಎಂಡಬ್ಲ್ಯು ಜೊತೆ ಕೈಜೋಡಿಸ್ತು, ಅದರಿಂದ ಹುಟ್ಟಿದ್ದೇ ಈ ಇಂಜಿನ್, 2016ರ ಆಟೋ ಎಕ್ಸ್‌ಪೋದಲ್ಲಿ ಅಕುಲಾ 310 ಅಂತ ತೋರಿಸಿದ್ದು 2017ರ ಡಿಸೆಂಬರ್‌ನಲ್ಲಿ ಆರ್‌ಆರ್ 310 ಆಗಿ ರೋಡಿಗೆ ಬಂತು. ತಯಾರಾಗೋದು ನಮ್ಮ ಅತ್ತಿಬೆಲೆ ದಾಟಿದ್ರೆ ಸಿಗೋ ಹೊಸೂರಲ್ಲಿ. ಸಾಮಾನ್ಯವಾಗಿ ಸಿಂಗಲ್ ಸಿಲಿಂಡರ್ ಗಾಡೀಲಿ ಗಾಳಿ ಹಿಂದಿನಿಂದ ಒಳಗೆ ಹೋಗಿ ಹೊಗೆ ಮುಂದಿನಿಂದ ಬರತ್ತೆ, ಇದ್ರಲ್ಲಿ ಉಲ್ಟಾ, ಸಿಲಿಂಡರನ್ನೇ ಹಿಂದಕ್ಕೆ ವಾಲಿಸಿ ಹೆಡ್ ತಿರುಗಿಸಿ ಇಟ್ಟಿದಾರೆ, ಅದರಿಂದ ತೂಕ ಮುಂದಿನ ಚಕ್ರದ ಕಡೆ ಸರಿಯತ್ತೆ, ಹಿಂದೆ ಉದ್ದದ ಸ್ವಿಂಗ್‌ಆರ್ಮ್‌ಗೆ (ಹಿಂದಿನ ಚಕ್ರ ಹಿಡಿದಿರೋ ತೋಳು) ಜಾಗ ಸಿಗತ್ತೆ, ತಿರುವಲ್ಲಿ ಗಾಡಿ ಗಟ್ಟಿಯಾಗಿ ನಿಲ್ಲತ್ತೆ. ಶುರುವಲ್ಲಿ ಬಂದ ಗಾಡೀಲಿ 312.2 ಸಿಸಿಗೆ 34 ಪಿಎಸ್ ಶಕ್ತಿ, ಹೊಸೂರಿನ ಮಣ್ಣಲ್ಲಿ ಹುಟ್ಟಿದ ಗಾಡಿ ಅನ್ನೋದು ನನಗಂತೂ ಹೆಮ್ಮೆ.

ಆದ್ರೆ ಅಷ್ಟು ಲೆಕ್ಕ ಹಾಕಿ ಮಾಡಿರೋ ಮುಂಭಾಗಾನ ನಮ್ಮ ಗುಂಡಿಗಳು ಬಿಡಲ್ಲ. ಫ್ರಂಟ್ ಬ್ರೇಕ್ ಹಿಡ್ಕೊಂಡು ಗಾಡೀನ ಹಿಂದೆ ಮುಂದೆ ಆಡಿಸಿ, ಹ್ಯಾಂಡಲ್ ಬುಡದಲ್ಲಿ ಟಕ್ ಅಂದ್ರೆ ಕೋನ್ ಸೆಟ್ (ಹ್ಯಾಂಡಲ್ ತಿರುಗೋ ಜಾಗದ ಬೇರಿಂಗ್) ಸಡಿಲ ಆಗಿದೆ. ಯುಎಸ್‌ಡಿ ಫೋರ್ಕ್ (ತಲೆಕೆಳಗಾಗಿ ಕೂರಿಸಿರೋ ಮುಂದಿನ ಶಾಕ್ ಅಬ್ಸಾರ್ಬರ್) ಆದ್ದರಿಂದ ಸೀಲ್ ಹೋದ್ರೆ ಎಣ್ಣೆ ಕೆಳಗಿಳಿದು ಬ್ರೇಕ್ ಕ್ಯಾಲಿಪರ್‌ವರೆಗೂ ಬರಬಹುದು, ಇದು ದುಡ್ಡಿನ ಮಾತಲ್ಲ, ಪ್ರಾಣದ ಮಾತು, ರಾಡ್ ಮೇಲೆ ಬಿಳಿ ಬಟ್ಟೆ ಒರೆಸಿ ನೋಡಿ. ಚಕ್ರ ತಿರುಗಿಸಿ ಅಲಾಯ್ ಬೆಂಡ್ ಇದ್ಯಾ ನೋಡಿ. ಬಿದ್ದಿರೋ ಗಾಡಿ ಆದ್ರೆ ಲಿವರ್ ತುದಿ, ಬಾರ್ ಎಂಡ್, ಫೇರಿಂಗ್ ಬೋಲ್ಟ್ ಹೇಳಿಬಿಡತ್ತೆ.

ಚೈನನ್ನ ಹಿಂದಿನ ಸ್ಪ್ರಾಕೆಟ್ (ಚೈನ್ ಕೂರೋ ಹಲ್ಲಿನ ಚಕ್ರ) ತುದೀಲಿ ಹಿಡಿದು ಎಳೀರಿ, ಅರ್ಧ ಹಲ್ಲು ಕಾಣಿಸಿದ್ರೆ, ಇಲ್ಲಾ ಹಲ್ಲು ಕುಡುಗೋಲಿನ ಥರ ಬಾಗಿದ್ರೆ, ಪೂರ್ತಿ ಕಿಟ್ ಬದಲಾಯಿಸೋ ಖರ್ಚನ್ನ ರೇಟಲ್ಲಿ ಇಳಿಸಿ ಕೇಳಿ. ನಾನು ಪೇಂಟ್ ನೋಡಿ ಮರುಳಾಗಿ ಇದನ್ನ ಬಿಟ್ಟು ತಿಂಗಳಲ್ಲೇ ಹಣ ಸುರಿದಿದೀನಿ.

ಟೆಸ್ಟ್ ರೈಡ್‌ಗೆ ಖಾಲಿ ರೋಡ್ ಹುಡುಕ್ಬೇಡಿ, ಸಿಲ್ಕ್ ಬೋರ್ಡ್ ಕಡೆಯ ಜಾಮಲ್ಲೇ ಓಡ್ಸಿ, ರೇಡಿಯೇಟರ್ ಫ್ಯಾನ್ ತಾನಾಗೇ ಆನ್ ಆಗಿ ಟೆಂಪರೇಚರ್ ಇಳಿಯತ್ತಾ ನೋಡ್ಬೇಕು. ಆಮೇಲೆ ಒಂದು ಚೂರು ಓಪನ್ ರೋಡ್ ಸಿಕ್ಕಿದಾಗ ಗೇರ್ ಡೌನ್ ಮಾಡಿ. ಗೇರ್ ಇಳಿಸುವಾಗ ಹಿಂದಿನ ಚಕ್ರ ಎಳೆಯದಂಗೆ ತಡೆಯೋ ಸ್ಲಿಪ್ಪರ್ ಕ್ಲಚ್ ಬಂದಿದ್ದು 2019ರಲ್ಲಿ, ಅದಕ್ಕಿಂತ ಹಳೇದ್ರಲ್ಲಿ ಹಿಂದಿನ ಚಕ್ರ ಸ್ವಲ್ಪ ಎಳೆದಂಗಾಗೋದು ಸಹಜ. ಬಜೆಟ್ ಇದ್ರೆ ರೈಡ್ ಮೋಡ್ (ರಸ್ತೆಗೆ ತಕ್ಕಂತೆ ಇಂಜಿನ್ ವರ್ತನೆ ಬದಲಿಸೋ ಸೆಟ್ಟಿಂಗ್) ಇರೋ 2020ರ ಗಾಡೀನೇ ತಗೊಳ್ಳಿ ಅನ್ನೋದು ನನ್ನ ಅಭಿಪ್ರಾಯ, ಮಳೇಲಿ ರೇನ್ ಮೋಡ್ ನಿಜವಾಗ್ಲೂ ಧೈರ್ಯ ಕೊಡತ್ತೆ.

ಟೈರ್ ಮೇಲಿನ ನಾಲ್ಕಂಕಿ ನೋಡಿ, ಮೊದಲೆರಡು ವಾರ, ಕೊನೆಯೆರಡು ವರ್ಷ. ಚಾಸಿ ನಂಬರ್ ಆರ್‌ಸಿಗೆ ಹೊಂದ್ಬೇಕು, ಬಾಕಿ ಚಲನ್ ಎಲ್ಲ ಅವರ ಕೈಲೇ ಕಟ್ಟಿಸಿ, ಲೋನ್ ಇದ್ದಿದ್ರೆ ಬ್ಯಾಂಕಿನ ಎನ್‌ಒಸಿ ಕೈಗೆ ಬಂದ್ಮೇಲೇನೇ ಅಡ್ವಾನ್ಸ್ ಕೊಡಿ.