ಹಳೆಯ ಕಾಲದ ಚಿತ್ರಕ್ಕೆ ತಕ್ಕ ರಿವಾಲ್ವರ್ ಆರಿಸಿಕೊಳ್ಳುವ ಬಗೆ

ನರಗುಂದದ ಬಾಬಾಸಾಹೇಬನ ಬಂಡಾಯವನ್ನೋ ಮೈಲಾರ ಮಹಾದೇವಪ್ಪನವರ ಹೋರಾಟವನ್ನೋ ಕಿರುಚಿತ್ರವಾಗಿಸಲು ಹೊರಡುವ ಧಾರವಾಡ, ಗದಗ, ಹಾವೇರಿಯ ತಂಡಗಳು ರುಮಾಲು, ಉಡುಪು, ಮಾತಿನ ಬಗ್ಗೆ ವಹಿಸುವ ಕಾಳಜಿಯನ್ನು ಇಂಗ್ಲಿಷ್ ಅಧಿಕಾರಿಯ ಕೈಯಲ್ಲಿರುವ ರಿವಾಲ್ವರಿನ ಬಗ್ಗೆಯೂ ವಹಿಸಬೇಕು. 1858ರ ಕಥೆಗೂ 1943ರ ಕಥೆಗೂ ಒಂದೇ ರಿವಾಲ್ವರ್ ಒಪ್ಪುವುದಿಲ್ಲ, ಏಕೆಂದರೆ ಆ ನಡುವಿನ ಕಾಲದಲ್ಲಿ ಅದಕ್ಕೆ ಗುಂಡು ತುಂಬುವ ಕ್ರಮವೇ ಬದಲಾಗಿತ್ತು. ಹಿಡಿಕೆ, ನಳಿಗೆಗಳ ಅಂದವನ್ನು ಆಮೇಲೆ ನೋಡಬಹುದು. ಗುಂಡು ಎಲ್ಲಿಂದ ಒಳಹೋಗುತ್ತದೆ ಎಂಬುದನ್ನು ಮೊದಲು ನೋಡಬೇಕು.

1858ರ ಮೇ 29ರಂದು ಸುರೇಬಾನದಲ್ಲಿ ಬಾಬಾಸಾಹೇಬನ ಕಡೆಯವರಿಂದ ಇಂಗ್ಲಿಷ್ ಅಧಿಕಾರಿ ಮ್ಯಾನ್ಸನ್ ಹತನಾದ ಕಾಲಕ್ಕೆ ಹೊಂದುವಂಥವು 1851ರ ಕೋಲ್ಟ್ ನೇವಿ ಅಥವಾ 1856ರ ಬ್ಯೂಮಾಂಟ್-ಆಡಮ್ಸ್. ಕೋಲ್ಟ್ ನೇವಿಯ ನಳಿಗೆ ಎಂಟು ಮೂಲೆಯದು, ಗುಂಡುಗಳು ಕೂರುವ, ತಿರುಗುವ ಉರುಳೆಯ ಮೇಲ್ಭಾಗದಲ್ಲಿ ಪಟ್ಟಿಯಿರುವುದಿಲ್ಲ, ಆರು ಗುಂಡು ಹಿಡಿಯುತ್ತದೆ. ಆಡಮ್ಸ್‌ನ ಉರುಳೆಯ ಮೇಲೆ ಗಟ್ಟಿ ಪಟ್ಟಿಯಿದ್ದು, ಅದು ಐದೇ ಗುಂಡು ಹಿಡಿಯುತ್ತದೆ. ಎರಡರಲ್ಲೂ ಉರುಳೆಯ ಮುಂಬದಿಯಿಂದ ಮದ್ದು ಸುರಿದು, ಸೀಸದ ಗುಂಡನ್ನು ಒತ್ತಿ ಕೂರಿಸಿ, ಹಿಂಬದಿಯ ಪ್ರತಿಯೊಂದು ಮೊಳೆಗೂ ತಾಮ್ರದ ಪುಟ್ಟ ಟೋಪಿಯನ್ನು ತೊಡಿಸಬೇಕು. ಹಾಗಾಗಿ ಗುಂಡು ಮುಗಿದ ಅಧಿಕಾರಿ ಹೊಡೆದಾಟದ ನಡುವೆ ಮತ್ತೆ ತುಂಬುತ್ತ ನಿಲ್ಲಲಾರ, ಕತ್ತಿ ಹಿರಿಯುತ್ತಾನೆ. ಕೋಲ್ಟ್ ಹಿಡಿದ ನಟನು ಪ್ರತಿ ಸಲವೂ ಹೆಬ್ಬೆರಳಿನಿಂದ ರಿವಾಲ್ವರಿನ ಹಿಂಬದಿಯ ಸುತ್ತಿಗೆಯನ್ನು (ಹ್ಯಾಮರ್) ಹಿಂದಕ್ಕೆಳೆಯಬೇಕೆಂಬುದನ್ನು ತಾಲೀಮಿನಲ್ಲೇ ರೂಢಿ ಮಾಡಿಸಿರಿ. ನೋಡುಗರಿಗೆ ಕಾಲದ ಅರಿವನ್ನು ಇದಕ್ಕಿಂತ ಚೆನ್ನಾಗಿ ಕೊಡುವ ಸನ್ನೆ ಇನ್ನೊಂದಿಲ್ಲವೆಂದೇ ನನ್ನ ನಂಬಿಕೆ.

ದೊಡ್ಡ ಚಿತ್ರಗಳೂ ಇಲ್ಲಿ ಎಡವಿವೆ. 1966ರ ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ಯ ಕಥೆ ಅಮೆರಿಕದ ಅಂತರ್ಯುದ್ಧದ ಕಾಲದ್ದು; ಆದರೆ ಕ್ಲಿಂಟ್ ಈಸ್ಟ್‌ವುಡ್ ಹಿಡಿದ ಕೋಲ್ಟ್ ನೇವಿ, 1870ರ ದಶಕದಲ್ಲಿ ಬಳಕೆಗೆ ಬಂದ ರೀತಿಯಲ್ಲಿ ಮದ್ದು, ಗುಂಡು ಒಂದೇ ಕೊಳವೆಯಲ್ಲಿರುವ ಲೋಹದ ತೋಟಾಗಳಿಗೆ ಮಾರ್ಪಡಿಸಿದ್ದು. ಹೊರನೋಟ ಸರಿಯಿದ್ದು ತುಂಬುವ ಕ್ರಮ ತಪ್ಪಿದಾಗ ಆಗುವುದು ಇದೇ.

ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಹುತಾತ್ಮರಾದ ಕಾಲದ ಅಧಿಕಾರಿಗೆ ತೋಟಾ ತುಂಬುವ ಇಂಗ್ಲಿಷ್ ರಿವಾಲ್ವರ್ ವೆಬ್ಲಿ ಒಪ್ಪುತ್ತದೆ. ಅದು ಅಡಕತ್ತರಿಯಂತೆ ನಡುವೆ ಮಡಚಿಕೊಳ್ಳುತ್ತದೆ. ಮಡಚಿದೊಡನೆ ಖಾಲಿ ತೋಟಾಗಳು ತಾವೇ ಮೇಲೆದ್ದು ಹೊರಬೀಳುತ್ತವೆ. ಹಿಡಿಕೆಯ ತುದಿಯಲ್ಲಿ ದಾರ ಕಟ್ಟುವ ಬಳೆಯನ್ನು ಮರೆಯಬೇಡಿರಿ.

ನಿಜವಾದ ರಿವಾಲ್ವರ್, ಎಷ್ಟೇ ಹಳೆಯದಾಗಿರಲಿ, ಚಿತ್ರೀಕರಣಕ್ಕೆ ಬೇಡವೇ ಬೇಡ. ಅಳತೆಯ ಚಿತ್ರ ಕೊಟ್ಟು ಬಡಿಗರಿಂದ ಕಟ್ಟಿಗೆಯಲ್ಲಿ ಮಾಡಿಸಿ, ಕಪ್ಪು ಬಣ್ಣ ಒಣಗಿದ ಮೇಲೆ ಪೆನ್ಸಿಲ್ ಸೀಸದ ಪುಡಿಯನ್ನು ಅರಿವೆಯಿಂದ ತಿಕ್ಕಿದರೆ ಉಕ್ಕಿನ ಹೊಳಪು ಬರುತ್ತದೆ. ಕೋಲ್ಟ್ ನೇವಿಯ ತೂಕ ಸುಮಾರು 1.2 ಕಿಲೋ, ಬರೀ ಕಟ್ಟಿಗೆ ಅಷ್ಟು ತೂಗುವುದಿಲ್ಲವಾದ್ದರಿಂದ ಒಳಗೆ ಕಬ್ಬಿಣದ ಪಟ್ಟಿ ಸೇರಿಸಿದರೆ ನಟನ ಮಣಿಕಟ್ಟು ಸಹಜವಾಗಿ ಜಗ್ಗುತ್ತದೆ. ಬಯಲಿನಲ್ಲಿ ಚಿತ್ರೀಕರಿಸುವ ಮುನ್ನ ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಿರಿ. ಪಟಾಕಿ ಮದ್ದನ್ನು ನಳಿಗೆಯೊಳಗೆ ತುಂಬಲೇಬಾರದು. ಸದ್ದನ್ನೂ ಹೊಗೆಯನ್ನೂ ಸಂಕಲನದಲ್ಲಿ ಸೇರಿಸಬಹುದು: 1858ರ ಕರಿಮದ್ದಿಗೆ ಮುಖ ಮುಚ್ಚುವಷ್ಟು ದಟ್ಟ ಬಿಳಿಹೊಗೆ ಬೇಕು, 1943ರ ವೆಬ್ಲಿಗೆ ತೆಳುವಾದ ಎಳೆಯೊಂದು ಸಾಕು.