ತಾರೀಖಿನ ಬರಹಕ್ಕೆ ಬ್ಲಾಗ್, ತಾಲ್ಲೂಕಿನ ಬರಹಕ್ಕೆ ವೆಬ್‌ಸೈಟ್

ಬ್ಲಾಗ್ ಸಾಕಾ, ಸ್ವಂತ ವೆಬ್‌ಸೈಟ್ ಬೇಕಾ ಅಂತ ಯಾರಾದರೂ ಕೇಳಿದರೆ ನಾನು ಮೊದಲಿಗೇ ದುಡ್ಡಿನ ಮಾತು ಎತ್ತುವುದಿಲ್ಲ. ಕಂಪ್ಯೂಟರ್ ಎಷ್ಟು ಗೊತ್ತು ಅಂತಲೂ ಕೇಳುವುದಿಲ್ಲ. ನಿಮ್ಮ ಬರಹವನ್ನು ಜನ ತಾರೀಖು ನೋಡಿಕೊಂಡು ಓದುತ್ತಾರಾ, ಇಲ್ಲ ಬೇರೆ ಏನನ್ನೋ ಹುಡುಕಿಕೊಂಡು ಬರುತ್ತಾರಾ? ಇದೊಂದು ಗೊತ್ತಾದರೆ ಅರ್ಧ ತೀರ್ಮಾನ ಮುಗಿದ ಹಾಗೆ.

ನಾನು ಹಾಸನದಲ್ಲಿ ಹೈಸ್ಕೂಲ್ ಮೇಷ್ಟ್ರು. ರಜೆ ಸಿಕ್ಕರೆ ಬೈಕ್ ಹತ್ತಿ ಜಿಲ್ಲೆಯ ಹೊಯ್ಸಳ ದೇವಸ್ಥಾನಗಳನ್ನು ನೋಡಿ ಬರುವುದು, ಬಂದು ಬರೆಯುವುದು ಹಳೇ ಚಟ. ಬೇಲೂರು, ಹಳೇಬೀಡಿನ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಇಷ್ಟ ಟೂರಿಸ್ಟ್ ಬಸ್ಸುಗಳು ನಿಲ್ಲದ ಊರುಗಳು: ಕೋರವಂಗಲ, ಮೊಸಳೆ, ಹಾರನಹಳ್ಳಿ, ಜಾವಗಲ್, ನುಗ್ಗೇಹಳ್ಳಿ.

ಶುರು ಮಾಡಿದ್ದು ಪುಕ್ಕಟೆ ಬ್ಲಾಗ್ ಸೇವೆಯಾದ ಬ್ಲಾಗರ್‌ನಲ್ಲಿ. 1999ರಲ್ಲಿ ಹುಟ್ಟಿ 2003ರಲ್ಲಿ ಗೂಗಲ್ ಕೈಗೆ ಹೋದ ಅದೇ ಬ್ಲಾಗರ್. ಅದರ ಮೇಲೆ ನನಗೆ ಈಗಲೂ ದೂರಿಲ್ಲ. ಜಿಮೇಲ್ ಇದ್ದರೆ ಸಾಕು. ಬಾಡಿಗೆ ಇಲ್ಲ, ಅಪ್‌ಡೇಟ್ ಮಾಡುವ ಗೋಜಿಲ್ಲ. ಫೋಟೋ ಹಾಕಿದರೆ ಬೇಕಾದ ಅಳತೆಗೆ ಅದೇ ಚಿಕ್ಕದು ಮಾಡಿಕೊಳ್ಳುತ್ತದೆ. ಓದಿದವರು ಅಲ್ಲೇ ಕೆಳಗೆ ಎರಡು ಸಾಲು ಬರೆದು ಹೋಗಬಹುದು. ಬರೆಯುವ ಅಭ್ಯಾಸ ಆಗಬೇಕು ಅನ್ನುವವರಿಗೆ ಇದಕ್ಕಿಂತ ಸುಲಭದ್ದು ಯಾಕೆ ಬೇಕು ಹೇಳಿ.

ಕನ್ನಡದಲ್ಲಿ ಬರೆಯುವವರಿಗೆ ಒಂದೆರಡು ತಾಪತ್ರಯ ಇದೆ ನಿಜ. ಶೀರ್ಷಿಕೆ ಕನ್ನಡದಲ್ಲಿ ಕೊಟ್ಟರೆ ಪುಟದ ವಿಳಾಸ ಮಾಡುವಾಗ ಬ್ಲಾಗರ್ ಕನ್ನಡ ಅಕ್ಷರಗಳನ್ನೆಲ್ಲ ಉದುರಿಸಿಬಿಡುತ್ತದೆ. ಉಳಿಯುವುದು ಬರೀ ‘ಬ್ಲಾಗ್-ಪೋಸ್ಟ್’ ಅಂತ, ಹಿಂದೆ ಒಂದು ನಂಬರ್. ಕೋರವಂಗಲವೂ ಬ್ಲಾಗ್-ಪೋಸ್ಟ್, ಮೊಸಳೆಯೂ ಬ್ಲಾಗ್-ಪೋಸ್ಟ್. ಪ್ರಕಟಿಸುವ ಮೊದಲೇ ಬಲಗಡೆಯ ಪರ್ಮಾಲಿಂಕ್ ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಊರಿನ ಹೆಸರು ಬರೆದುಬಿಟ್ಟರೆ ಈ ರಗಳೆ ಇಲ್ಲ.

ಇನ್ನೊಂದು, ಟೆಂಪ್ಲೇಟ್, ಅಂದರೆ ಪುಟದ ಸಿದ್ಧ ವಿನ್ಯಾಸ. ಅವನ್ನು ಮಾಡಿದವರ ತಲೆಯಲ್ಲಿ ಇದ್ದದ್ದು ಇಂಗ್ಲಿಷ್ ಅಕ್ಷರ. ನನ್ನ ಬರಹದಲ್ಲಿ ಎರಡು ಸಾಲಿಗೊಂದು ‘ಲಕ್ಷ್ಮೀನರಸಿಂಹ’ ಬರುತ್ತದೆ. ಆ ‘ಕ್ಷ್ಮೀ’ಯ ಕೆಳಗೆ ಎರಡು ಒತ್ತು. ಸಾಲಿನ ಅಂತರ ಕಡಿಮೆ ಇದ್ದರೆ ಮ ಒತ್ತು ಹೋಗಿ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಾನು ಟೆಂಪ್ಲೇಟಿನ ಅಂದಚಂದ ನಿರ್ಧರಿಸುವ ಸೂಚನೆಗಳಾದ ಸಿಎಸ್‌ಎಸ್‌ನಲ್ಲಿ ಲೈನ್-ಹೈಟ್ 1.8 ಅಂತ ಬರೆದೆ, ಓದಲು ಹಿತವಾಯಿತು. ಕೆಲವು ಟೆಂಪ್ಲೇಟಿನಲ್ಲಿ ಚಂದಕ್ಕೆ ಅಂತ ಶೀರ್ಷಿಕೆಗೆ ಲೆಟರ್-ಸ್ಪೇಸಿಂಗ್ (ಅಕ್ಷರಗಳ ನಡುವೆ ಅಂತರ) ಕೊಟ್ಟಿರುತ್ತಾರೆ. ಅದನ್ನು ಸೊನ್ನೆ ಮಾಡಿ. ಕನ್ನಡಕ್ಕೆ ಅದು ಬೇಡವೇ ಬೇಡ.

ಇವೆಲ್ಲ ಸರಿ ಮಾಡಿಕೊಳ್ಳಬಹುದಾದ ವಿಷಯ. ಇಷ್ಟಕ್ಕೇ ಯಾರೂ ಬ್ಲಾಗ್ ಬಿಟ್ಟು ಬರಬೇಕಾಗಿಲ್ಲ. ನಾನು ಬಿಟ್ಟದ್ದಕ್ಕೆ ಕಾರಣ ಬೇರೆ.

ಬ್ಲಾಗ್ ಅಂದರೆ ಹೊಸದು ಮೇಲೆ, ಹಳೆಯದು ಕೆಳಗೆ. ನನ್ನ ಬ್ಲಾಗ್ ತೆರೆದರೆ ಮೊದಲು ನುಗ್ಗೇಹಳ್ಳಿ ಕಾಣುತ್ತಿತ್ತು. ಯಾಕೆ? ನಾನು ಹಿಂದಿನ ಭಾನುವಾರ ಅಲ್ಲಿಗೆ ಹೋಗಿದ್ದೆ ಅಂತ. ಅದನ್ನು ಕಟ್ಟಿಕೊಂಡು ಓದುವವರಿಗೆ ಏನಾಗಬೇಕು? ಅವರು ಕೇಳುತ್ತಿದ್ದದ್ದೇ ಬೇರೆ. “ಸಾರ್, ಅರಸೀಕೆರೆಗೆ ಮದುವೆಗೆ ಬರ್ತಿದ್ದೀವಿ, ಸುತ್ತಮುತ್ತ ಏನಿದೆ?” ಅರಸೀಕೆರೆಯಲ್ಲೇ 1220ರ ಈಶ್ವರ ದೇವಸ್ಥಾನ ಇದೆ, ನಕ್ಷತ್ರಾಕಾರದ ಮುಖಮಂಟಪ ಬೇರೆಲ್ಲೂ ಹಾಗೆ ನೋಡಲು ಸಿಗುವುದಿಲ್ಲ. ಅದೇ ತಾಲ್ಲೂಕಿನಲ್ಲಿ ಹಾರನಹಳ್ಳಿ ಇದೆ, ಜಾವಗಲ್ ಇದೆ. ಮೂರರ ಬಗ್ಗೆಯೂ ಬರೆದಿದ್ದೆ, ಮೂರು ಬೇರೆ ಬೇರೆ ವರ್ಷಗಳಲ್ಲಿ ಹೂತುಹೋಗಿದ್ದವು. ಇನ್ನು ಕೆಲವರಿಗೆ ಇಸವಿ ಪ್ರಕಾರ ಬೇಕು: 1117ರ ಬೇಲೂರು, 1173ರ ಕೋರವಂಗಲ, 1246ರ ನುಗ್ಗೇಹಳ್ಳಿ, ಹೀಗೆ ಶಿಲ್ಪ ಹೇಗೆ ಬದಲಾಯಿತು ಅಂತ ನೋಡುವವರು.

ಒಂದೇ ವಿಷಯದ ಬರಹಗಳನ್ನು ಗುಂಪು ಮಾಡುವ ಲೇಬಲ್ ಹಾಕಬಹುದಲ್ಲ ಅನ್ನುತ್ತೀರಿ. ಹಾಕಿದ್ದೆ. ಲೇಬಲ್ ಒತ್ತಿದರೆ ಬರುವ ಪಟ್ಟಿಯೂ ಮತ್ತೆ ತಾರೀಖಿನ ಪ್ರಕಾರವೇ. ಹಾಗಾಗಿ ಒಂದು ಪುಟದಲ್ಲಿ ತಾಲ್ಲೂಕುವಾರು ಪಟ್ಟಿಯನ್ನು ಕೈಯಲ್ಲೇ ಮಾಡಿ ಇಟ್ಟೆ. ಹೊಸ ಲೇಖನ ಬರೆದಾಗಲೆಲ್ಲ ಅಲ್ಲೂ ಒಂದು ಸಾಲು ಸೇರಿಸಬೇಕು, ಇಸವಿ ಪಟ್ಟಿಯಲ್ಲೂ ಸೇರಿಸಬೇಕು.

2020ರ ನವೆಂಬರ್‌ನಲ್ಲಿ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಸ್ಥಾನದಲ್ಲಿ ಕಾಳಿಯ ವಿಗ್ರಹ ಮುರಿದುಬಿದ್ದಿರುವುದು ಗೊತ್ತಾಯಿತು. ನನ್ನ ಹಳೇ ಲೇಖನದಲ್ಲಿ ಆ ಮೂರ್ತಿಯ ಮುಂದೆ ಐದು ನಿಮಿಷ ನಿಂತು ನೋಡಿ ಅಂತ ಬರೆದಿತ್ತು. ಹೊಸ ಲೇಖನ ಬರೆದರೆ ಅದು ಮೇಲೆ ಕೂರುತ್ತದೆ, ಆದರೆ ಗೂಗಲ್‌ನಲ್ಲಿ ಹುಡುಕಿದವರು ಬಂದು ಇಳಿಯುವುದು ಹಳೆಯದಕ್ಕೇ. ಹಳೆಯದನ್ನೇ ತಿದ್ದಿದರೆ ಮೇಲಿನ ತಾರೀಖು ಹಳೆಯದೇ, ಓದುವವರು ನಂಬುವುದು ಹೇಗೆ? 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದಾಗಲೂ ಇದೇ ಕಥೆ. ದೇವಸ್ಥಾನದ ಪುಟ ಯಾವಾಗಲೂ ತಿದ್ದುತ್ತಾ ಇರಬೇಕಾದ ಪುಟ. ಅದಕ್ಕೆ ಹುಟ್ಟಿದ ದಿನ ಮುಖ್ಯವಲ್ಲ, ಕೊನೆಗೆ ಪರಿಶೀಲಿಸಿದ ದಿನ ಮುಖ್ಯ.

ಸರಿ, ಸ್ವಂತ ವೆಬ್‌ಸೈಟ್ ಅಂತ ಹೊರಟಾಗ ಎರಡು ದಾರಿ ಇತ್ತು. ಹೋಸ್ಟಿಂಗ್ (ಸೈಟ್ ಇಡುವ ಸರ್ವರ್ ಜಾಗ) ಬಾಡಿಗೆಗೆ ತೆಗೆದುಕೊಂಡು, ಸೈಟ್ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್ ಹಾಕುವುದು ಒಂದು. ತುಂಬಾ ಜನ ಅದನ್ನೇ ಮಾಡುತ್ತಾರೆ. ಮೊದಲ ವರ್ಷದ ಬಾಡಿಗೆ ನೋಡಿ ಮರುಳಾಗಬೇಡಿ, ನವೀಕರಣದ ದರವನ್ನೂ ಕೇಳಿ. ವರ್ಡ್‌ಪ್ರೆಸ್‌ಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂಗಳಾದ ಪ್ಲಗಿನ್‌ಗಳನ್ನು ಆಗಾಗ ಅಪ್‌ಡೇಟ್ ಮಾಡದಿದ್ದರೆ ಸೈಟಿನೊಳಗೆ ಯಾರೋ ನುಗ್ಗಿ ಜಾಹೀರಾತು ತುಂಬುತ್ತಾರೆ. ಕನ್ನಡದ ವಿಳಾಸಕ್ಕೆ ಅಲ್ಲೂ ಒಂದು ಕಿರಿಕ್ ಇದೆ. ಕನ್ನಡದ ಪ್ರತಿ ಅಕ್ಷರ, ಪ್ರತಿ ಸ್ವರಚಿಹ್ನೆ, ಒತ್ತಕ್ಷರದೊಳಗೆ ಅಡಗಿರುವ ಪ್ರತಿ ಹಲಂತ ಚಿಹ್ನೆಯೂ (್) ಒಳಗೆ ಶೇಕಡಾ ಗುರುತಿನ ಒಂಬತ್ತು ಇಂಗ್ಲಿಷ್ ಅಕ್ಷರಗಳಾಗುತ್ತದೆ. ವರ್ಡ್‌ಪ್ರೆಸ್ ಇಟ್ಟಿರುವ ಜಾಗ 200 ಅಕ್ಷರದ್ದು. ‘ನುಗ್ಗೇಹಳ್ಳಿ ಲಕ್ಷ್ಮೀನರಸಿಂಹ’ ಅನ್ನೋ ಎರಡೇ ಪದಕ್ಕೆ 217 ಬೇಕು! ನರಸಿಂಹನ ಬಾಲ ಕತ್ತರಿಸಿಹೋಗುತ್ತದೆ. ಆ ಲಿಂಕನ್ನು ವಾಟ್ಸಾಪ್‌ಗೆ ಹಾಕಿದರೆ ಪರದೆ ತುಂಬ ಶೇಕಡಾ ಚಿಹ್ನೆ. ಇಲ್ಲೂ ಇಂಗ್ಲಿಷ್ ಅಕ್ಷರದ ವಿಳಾಸವೇ ವಾಸಿ.

ನಾನು ಹಿಡಿದದ್ದು ಎರಡನೇ ದಾರಿ, ಹ್ಯೂಗೋ. ಇದು ನಮ್ಮ ಕಂಪ್ಯೂಟರಿನಲ್ಲೇ ಓಡಿ, ಟೆಕ್ಸ್ಟ್ ಫೈಲುಗಳಿಂದ ವೆಬ್ ಪುಟಗಳನ್ನು ತಯಾರಿಸುವ ಒಂದು ಪ್ರೋಗ್ರಾಂ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹಳೇ ಶಿಷ್ಯನೊಬ್ಬ ಫೋನಿನಲ್ಲೇ ಹೇಳಿಕೊಟ್ಟ. ಪ್ರತಿ ದೇವಸ್ಥಾನಕ್ಕೆ ಒಂದೊಂದು ಸಾದಾ ಟೆಕ್ಸ್ಟ್ ಫೈಲ್. ಫೈಲಿನ ತಲೆಯಲ್ಲಿ ನಾಲ್ಕೈದು ಸಾಲು. ದೊಡ್ಡಗದ್ದವಳ್ಳಿಯದ್ದು ಹೀಗಿದೆ: ತಾಲ್ಲೂಕು ಹಾಸನ, ಕಾಲ 12ನೇ ಶತಮಾನದ ಶುರು, ಕೂಟ ಚತುಷ್ಕೂಟ (ಅಂದರೆ ನಾಲ್ಕು ಗರ್ಭಗುಡಿ), ಕೊನೆಗೆ ನೋಡಿ ಬಂದದ್ದು ಇಂಥ ತಿಂಗಳು. ಅದರ ಕೆಳಗೆ ಬರಹ. ಅಷ್ಟು ಬರೆದು ಪ್ರೋಗ್ರಾಂ ಓಡಿಸಿದರೆ ತಾಲ್ಲೂಕುವಾರು ಪಟ್ಟಿ, ಕಾಲದ ಪಟ್ಟಿ, ನಾಲ್ಕು ಗರ್ಭಗುಡಿ ಇರುವವು ಯಾವುವು ಅನ್ನುವ ಪಟ್ಟಿ, ಎಲ್ಲ ತಾನೇ ತಯಾರು. ಜಿಲ್ಲೆಯ ಎಂಟು ತಾಲ್ಲೂಕಿಗೂ ಒಂದೊಂದು ಪುಟ ಬಂತು. ನನಗೆ ಬೇಕಿದ್ದದ್ದು ಇದೇ.

ತಯಾರಾದ ಪುಟಗಳನ್ನು ಇಂಥ ಸೈಟುಗಳಿಗೆ ಪುಕ್ಕಟೆ ಜಾಗ ಕೊಡುವ ಗಿಟ್‌ಹಬ್ ಪೇಜಸ್‌ನಲ್ಲಿ ಇಟ್ಟಿದ್ದೇನೆ. ಬಾಡಿಗೆ ಇಲ್ಲ, ವಿಳಾಸದ ಬೀಗದ ಗುರುತೂ ಪುಕ್ಕಟೆ. ಒಂದು ಸೈಟಿಗೆ 1 ಜಿಬಿ ಮಿತಿ ಇದೆ. ಮೊಬೈಲಿನಲ್ಲಿ ತೆಗೆದ ಫೋಟೋ ಹಾಗೇ ತುಂಬಿದರೆ ಬೇಗ ಮುಗಿದುಹೋಗುತ್ತದೆ, ಚಿಕ್ಕದು ಮಾಡಿ ವೆಬ್‌ಪಿ ರೂಪಕ್ಕೆ ತಂದು ಹಾಕಬೇಕು. ಬ್ಲಾಗರ್ ಸುಮ್ನೆ ಮಾಡಿಕೊಡುತ್ತಿದ್ದ ಕೆಲಸ ಈಗ ನನ್ನ ತಲೆಗೆ.

ಕಳೆದುಕೊಂಡದ್ದೂ ಇದೆ. ಹ್ಯೂಗೋದಲ್ಲಿ ಪ್ರತಿಕ್ರಿಯೆ ಬರೆಯುವ ಜಾಗ ತಾನಾಗಿ ಬರುವುದಿಲ್ಲ. ಬ್ಲಾಗರ್‌ನಲ್ಲಿದ್ದಾಗ ಆಯಾ ಊರಿನವರೇ ಬಂದು ‘ಆ ಕಲ್ಲು ಮೊದಲು ಕೆರೆ ಏರಿ ಮೇಲಿತ್ತು ಸಾರ್’ ಅಂತೆಲ್ಲ ಹೇಳಿ ಹೋಗುತ್ತಿದ್ದರು. ಅಂಥ ಮಾತುಗಳನ್ನು ಆಯ್ದು, ಹೇಳಿದವರ ಹೆಸರಿನ ಜೊತೆ ಲೇಖನದೊಳಗೇ ಸೇರಿಸಿದೆ. ಈಗ ಪುಟದ ಕೆಳಗೆ ಇಮೇಲ್ ವಿಳಾಸ ಕೊಟ್ಟಿದ್ದೇನೆ, ಬರೆಯುವವರು ಕಡಿಮೆ. ಫೋನಿನಲ್ಲಿ ಬರೆದು ಫೋನಿನಲ್ಲೇ ಪ್ರಕಟಿಸುವ ಸುಖವೂ ಹೋಯಿತು.

ಇಷ್ಟೆಲ್ಲ ಸಲೀಸಾಗಿ ಆಗಿದ್ದು ಡೊಮೈನ್, ಅಂದರೆ ಸೈಟಿನ ಸ್ವಂತ ವಿಳಾಸ, ಮೊದಲೇ ಕೊಂಡಿದ್ದರಿಂದ. ಯಾವ ದಾರಿ ಹಿಡಿದರೂ ಇದನ್ನು ಮಾತ್ರ ಮುಂದಕ್ಕೆ ಹಾಕಬೇಡಿ. ಬ್ಲಾಗರ್‌ಗೆ ಸ್ವಂತ ಡೊಮೈನ್ ಜೋಡಿಸಲು ಗೂಗಲ್ ದುಡ್ಡು ಕೇಳುವುದಿಲ್ಲ. ಡೊಮೈನ್ ಮಾರಿದವರ ಪುಟಕ್ಕೆ ಹೋಗಿ ಬ್ಲಾಗರ್ ಹೇಳುವ ಎರಡು ಸಿ-ನೇಮ್ ದಾಖಲೆ (ಈ ಹೆಸರು ಯಾವ ಸೈಟಿಗೆ ಹೋಗಬೇಕು ಅಂತ ಹೇಳುವ ಸಾಲು) ಸೇರಿಸಿದರೆ ಆಯಿತು. ನನ್ನ ಲಿಂಕುಗಳೆಲ್ಲ ಶುರುವಿನಿಂದ ಡಾಟ್ ಇನ್ ವಿಳಾಸದಲ್ಲೇ ಓಡಾಡಿದ್ದವು. ಹ್ಯೂಗೋದಲ್ಲಿ ‘ಅಲಿಯಾಸ್’ ಅಂತ ಒಂದು ಸಾಲು ಇದೆ. ಹಳೇ ಬ್ಲಾಗಿನ ವಿಳಾಸವನ್ನು ಅಲ್ಲಿ ಬರೆದರೆ, ಯಾವುದೋ ವಾಟ್ಸಾಪ್ ಗುಂಪಿನಲ್ಲಿ ಬಿದ್ದಿರುವ ಹಳೇ ಲಿಂಕ್ ಒತ್ತಿದವರೂ ಹೊಸ ಪುಟಕ್ಕೇ ಬರುತ್ತಾರೆ. ವಿಳಾಸ ಬ್ಲಾಗರ್ ಪುಕ್ಕಟೆ ಕೊಡುವ ಬ್ಲಾಗ್‌ಸ್ಪಾಟ್ ಹೆಸರಿನಲ್ಲಿದ್ದರೆ ಇದು ಇಷ್ಟು ಸುಲಭ ಅಲ್ಲ. ಡಾಟ್ ಭಾರತ ಅಂತ ಕನ್ನಡ ಲಿಪಿಯಲ್ಲೇ ಡೊಮೈನ್ ಸಿಗುತ್ತದೆ, ಆಸೆಯೂ ಇತ್ತು. ಆದರೆ ಅದು ಕೆಲವು ಕಡೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ ಅಂತ ಬಿಟ್ಟೆ.

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು ನನ್ನ ಸೈಟ್ ನೋಡಿ, “ಮೇಷ್ಟ್ರೇ, ನಂಗೂ ಇಂಥದ್ದೇ ಒಂದು ಮಾಡ್ಕೊಡಿ” ಅಂದರು. “ನಿಮಗೆ ಇದು ಬೇಡ ಅಣ್ಣ, ಬ್ಲಾಗರ್ರೇ ಸಾಕು” ಅಂದೆ. ಮುಖ ಸ್ವಲ್ಪ ಸಣ್ಣದಾಯಿತು. ಆದರೆ ಅವರು ಬರೆಯುವುದು ನೋಡಿ: ಇವತ್ತು 1 ಇಂಚು 20 ಸೆಂಟು (ಇಂಚಿನ ನೂರರಲ್ಲೊಂದು ಭಾಗ ಒಂದು ಸೆಂಟು) ಹೂಮಳೆ, ಅಂದರೆ ಕಾಫಿ ಹೂ ಬಿಡಿಸುವ ಮಳೆ. ರೊಬಸ್ಟಾ ಹೂ ಅರಳಿದ್ದು ಇವತ್ತು. ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಶುರು ಮಾಡಿದ್ದು ಇವತ್ತು. ಅರೇಬಿಕಾದಲ್ಲಿ ಕಾಂಡಕೊರಕ ಕಂಡಿತು, ಇಷ್ಟು ಗಿಡ ಕಿತ್ತು ಸುಟ್ಟೆವು. ಇದರಲ್ಲಿ ತಾರೀಖು ತೆಗೆದರೆ ಉಳಿಯುವುದೇನು? ಅಕ್ಕಪಕ್ಕದ ತೋಟದವರು ನೋಡುವುದೂ ಹೋದ ವರ್ಷ ಮಾರ್ಚಿನಲ್ಲಿ ಎಷ್ಟು ಬಿತ್ತು, ಈ ವರ್ಷ ಎಷ್ಟು ಅಂತಲೇ. ಬ್ಲಾಗರ್‌ನ ಪಕ್ಕದಲ್ಲಿ ವರ್ಷ, ತಿಂಗಳು ಅಂತ ಬಿಚ್ಚಿಕೊಳ್ಳುವ ಪಟ್ಟಿ ಇರುತ್ತದಲ್ಲ, ಅದು ಅವರಿಗೇ ಹೇಳಿ ಮಾಡಿಸಿದ ಹಾಗಿದೆ. ತೋಟದಲ್ಲಿ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ ಸಿಗುತ್ತದೆ, ಅಲ್ಲಿ ನಿಂತು ಫೋನಿನಲ್ಲೇ ಬರೆದು ಹಾಕುತ್ತಾರೆ. ಹ್ಯೂಗೋ ಕೊಟ್ಟಿದ್ದರೆ ಮಳೆಗಾಲ ಮುಗಿಯುವುದರೊಳಗೆ ಬರೆಯುವುದನ್ನೇ ಬಿಡುತ್ತಿದ್ದರು.

ಅವರ ಹತ್ತಿರ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದ ಹಳೇ ಟಿಪ್ಪಣಿಗಳೂ ಇದ್ದವು. ಹಾಗೇ ಅಂಟಿಸಿದರೆ ತಲೆಬುಡ ಇಲ್ಲದ ಇಂಗ್ಲಿಷ್ ಅಕ್ಷರ ಬರುತ್ತದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿ, ಅರ್ಕಾವೊತ್ತುಗಳನ್ನು ಒಮ್ಮೆ ಕಣ್ಣಲ್ಲಿ ನೋಡಿ ಸೇರಿಸಿದೆವು. ಬ್ಲಾಗರ್‌ನಲ್ಲಿ ಹಳೇ ತಾರೀಖು ಕೊಟ್ಟು ಪ್ರಕಟಿಸಬಹುದು, ಹಾಗಾಗಿ ಅವು ತಮ್ಮ ತಮ್ಮ ವರ್ಷದಲ್ಲೇ ಹೋಗಿ ಕೂತವು. ಅವರು ಹಾಸನಕ್ಕೆ ಬಂದಾಗ ಸೆಟ್ಟಿಂಗ್ಸ್‌ಗೆ ಹೋಗಿ ಬ್ಯಾಕಪ್ ಇಳಿಸಿಕೊಡುತ್ತೇನೆ. ಆ ಫೈಲಿನಲ್ಲಿ ಬರಹ, ಪ್ರತಿಕ್ರಿಯೆ ಇರುತ್ತವೆ. ಫೋಟೋಗೆ ಅದೊಂದನ್ನೇ ನಂಬದೆ ಬೇರೆ ಕಡೆಯೂ ಇಟ್ಟುಕೊಳ್ಳಬೇಕು.

ಈಗ ಅವರ ಮಗಳಿಗೆ ತೋಟದ ಕಾಫಿ ಪುಡಿಯನ್ನು ನೇರವಾಗಿ ಮಾರುವ ಆಲೋಚನೆ. ಅದಕ್ಕೆ ದರ, ಆರ್ಡರ್, ವಿಳಾಸ ಎಲ್ಲ ಇರುವ ಬೇರೆಯದೇ ಪುಟ ಬೇಕು, ಆಹಾರ ಮಾರಲು ಪಡೆಯಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಬೇಕು. ಡೊಮೈನ್ ಅವರದ್ದೇ ಇರುವುದರಿಂದ ತೊಂದರೆ ಇಲ್ಲ. ಮುಖ್ಯ ವಿಳಾಸವನ್ನು ಮಗಳ ಅಂಗಡಿಗೆ ಬಿಟ್ಟುಕೊಟ್ಟು, ಮಳೆ ಲೆಕ್ಕದ ಬ್ಲಾಗನ್ನು ಅದೇ ಹೆಸರಿನ ಮುಂದೆ ಇನ್ನೊಂದು ಪದ ಸೇರಿಸಿದ ಸಬ್‌ಡೊಮೈನ್‌ಗೆ ಬದಲಾಯಿಸಿದರೆ ಆಯಿತು ಅಂತ ಹೇಳಿದ್ದೇನೆ. “ಅಂಗಡಿಗೆ ಮುಖ್ಯ ವಿಳಾಸ, ನಂಗೆ ಹಿತ್ತಲ ಬಾಗಿಲಾ?” ಅಂತ ಅಣ್ಣ ಕೇಳುತ್ತಿದ್ದಾರೆ. ಅಪ್ಪ ಮಗಳು ತೀರ್ಮಾನ ಮಾಡಿಕೊಂಡು ಬರಲಿ ಅಂತ ಸಿ-ನೇಮ್ ದಾಖಲೆ ಮುಟ್ಟದೆ ಹಾಗೇ ಬಿಟ್ಟಿದ್ದೇನೆ.