‘ಇದು ಹ್ಯಾಂಗ ಗೊತ್ತಾತ್ರಿ?’ ಅಂತ ಮಕ್ಕಳು ಕೇಳಬೇಕು

ಸಮಾಜ ವಿಜ್ಞಾನ ಅಂದರೆ ಬಾಯಿಪಾಠದ ವಿಷಯ ಅನ್ನುವ ಮಾತು ಇನ್ನೂ ಹೋಗಿಲ್ಲ. ಗಣಿತಕ್ಕೆ ಬುದ್ಧಿ ಬೇಕು, ಸಮಾಜಕ್ಕೆ ನೆನಪಿದ್ದರೆ ಸಾಕು ಅಂತ ಪಾಲಕರು ಹೇಳುತ್ತಾರೆ. ಕೆಲವು ಶಿಕ್ಷಕರೂ ಹಾಗೇ ಹೇಳುತ್ತಾರೆ. ನನಗೆ ಇದನ್ನು ಕೇಳಿದಾಗಲೆಲ್ಲ ಬೇಜಾರಾಗುತ್ತದೆ.

ನಾನು ಬಾಗಲಕೋಟೆ ಜಿಲ್ಲೆಯಲ್ಲಿ, ಮಲಪ್ರಭಾ ದಂಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಈ ವಿಷಯ ಕಲಿಸುತ್ತೇನೆ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಇವು ಆರೂ ಸೇರಿ ಒಂದು ವಿಷಯ. 8ರಿಂದ 10ನೇ ಇಯತ್ತೆಯವರೆಗೆ ಮೂರು ವರ್ಷ ಇದನ್ನು ಓದಿದ ಮಕ್ಕಳು ಒಂದು ಅಭ್ಯಾಸವನ್ನಂತೂ ಕಲಿತು ಹೋಗಬೇಕು ಅನ್ನುವುದು ನನ್ನ ಹಟ. ಯಾರು ಏನೇ ಹೇಳಲಿ, ಪುಸ್ತಕದಲ್ಲಿ ಏನೇ ಇರಲಿ, ‘ಇದು ಹ್ಯಾಂಗ ಗೊತ್ತಾತ್ರಿ?’ ಅಂತ ಕೇಳುವ ಅಭ್ಯಾಸ. ಅದಕ್ಕಾಗಿ ನಾನು ಮಾಡಿಕೊಂಡು ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಭೂಗೋಳವನ್ನು ನಾನು ಹೊಳೆಯಿಂದಲೇ ಶುರು ಮಾಡುತ್ತೇನೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನಮ್ಮ ಭಾಗದ ಊರುಗಳಿಗೆ ನುಗ್ಗಿತು. ಪಟ್ಟದಕಲ್ಲಿನ ಗುಡಿಗಳನ್ನೂ ನೀರು ಸುತ್ತಿಕೊಂಡಿತು. ಆಗ ಸಣ್ಣವರಿದ್ದ ಮಕ್ಕಳಿಗೂ ಅದು ನೆನಪಿದೆ. ‘ಟೀಚರ್, ಅವತ್ತು ನಮ್ಮೂರಾಗ ಹೇಳಿಕೊಳ್ಳೋವಂಥ ಮಳೀನ ಇರಲಿಲ್ಲ. ಆದ್ರೂ ಹೊಳಿ ಹ್ಯಾಂಗ ಬಂತ್ರಿ?’ ಅಂತ ಒಬ್ಬ ಹುಡುಗ ಕೇಳಿದ. ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ಉತ್ತರವನ್ನು ನಾನು ಹೇಳಲಿಲ್ಲ. ನಕ್ಷೆ ಬಿಚ್ಚಿದೆವು. ನಮ್ಮ ಊರಿನ ಮೇಲೆ ಬೆರಳಿಟ್ಟು ಹೊಳೆಗುಂಟ ಹಿಂದಕ್ಕೆ ಹೋಗಿ ಅಂದೆ. ಬೆರಳು ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟು ಮುಟ್ಟಿತು. ಅದನ್ನೂ ದಾಟಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಣಕುಂಬಿಗೆ ಹೋಗಿ ನಿಂತಿತು. ಮಲಪ್ರಭೆ ಹುಟ್ಟುವುದು ಅಲ್ಲಿ, ಪಶ್ಚಿಮಘಟ್ಟದಲ್ಲಿ. ಅರಬ್ಬಿ ಸಮುದ್ರದಿಂದ ಬಂದ ಮೋಡ ಘಟ್ಟಕ್ಕೆ ಬಡಿದು ಅಲ್ಲೇ ಬಹಳಷ್ಟು ಸುರಿದುಬಿಡುತ್ತದೆ. ನಾವು ಘಟ್ಟದ ಈಚೆ, ಮಳೆನೆರಳಿನಲ್ಲಿ ಇದ್ದೇವೆ. ಅಲ್ಲಿ ಜೋರು ಮಳೆಯಾಗಿ ಅಣೆಕಟ್ಟು ತುಂಬಿದರೆ ನೀರು ಬಿಡಲೇಬೇಕು. ಬಿಟ್ಟ ನೀರು ನಮ್ಮೂರ ಮುಂದೆಯೇ ಹಾಯ್ದು, ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರಬೇಕು. ಮಳೆನೆರಳಿನ ಪ್ರದೇಶ, ಜಲಾನಯನ ಪ್ರದೇಶ, ಉಪನದಿ ಇವೆಲ್ಲ ಒಂದೇ ತಾಸಿನಲ್ಲಿ ಮಕ್ಕಳ ತಲೆಯೊಳಗೆ ಕೂತವು.

ಅಷ್ಟಕ್ಕೇ ಬಿಡಲಿಲ್ಲ. ಮನೆಗೆ ಹೋಗಿ ದೊಡ್ಡವರನ್ನು 2009ರ ನೆರೆಯ ಬಗ್ಗೆ ಕೇಳಿಕೊಂಡು ಬನ್ನಿ ಅಂದೆ. ಮರುದಿನ ಬಂದ ಉತ್ತರ ಬೇರೆಯೇ ಇತ್ತು. ‘ಆಗ ಇಲ್ಲೇ ಹಗಲೂ ರಾತ್ರಿ ಮಳಿ ಹೊಡದಿತ್ತಂತ್ರೀ. ಮಣ್ಣಿನ ಮನಿ ಬಿದ್ದಿದ್ವಂತ.’ ಅದು ಸರಿ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನಲ್ಲಿ ಉತ್ತರ ಕರ್ನಾಟಕದ ಒಳನಾಡಿನಲ್ಲೇ ವಿಪರೀತ ಮಳೆ ಬಿದ್ದಿತ್ತು. ಅಂದರೆ ಹೊಳೆ ಒಂದೇ, ನೆರೆ ಎರಡು, ಕಾರಣ ಬೇರೆ ಬೇರೆ. ಹಿರಿಯರು ಇನ್ನೊಂದು ಮಾತನ್ನೂ ಸೇರಿಸಿ ಕಳಿಸಿದ್ದರು. ಮೊದಲು ಹೊಳೆಯ ಪಾತ್ರ ಅಗಲ ಇತ್ತು, ಈಗ ಒತ್ತುವರಿಯಾಗಿದೆ, ಜಾಲಿ ಬೆಳೆದಿದೆ ಅಂತ. ‘ಪ್ರವಾಹಕ್ಕೆ ಕಾರಣಗಳನ್ನು ಬರೆಯಿರಿ’ ಅನ್ನುವ ಪ್ರಶ್ನೆಗೆ ಆ ಬ್ಯಾಚಿನ ಮಕ್ಕಳಿಗೆ ಯಾವ ಗೈಡೂ ಬೇಕಾಗಲಿಲ್ಲ.

ಅಕ್ಷಾಂಶ, ರೇಖಾಂಶದ ಪಾಠಕ್ಕೆ ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಡುತ್ತೇವೆ. ನೆರಳು ಎಲ್ಲಕ್ಕಿಂತ ಗಿಡ್ಡ ಆಗುವ ಹೊತ್ತನ್ನು ಮಕ್ಕಳು ಗಡಿಯಾರ ನೋಡಿ ಬರೆದುಕೊಳ್ಳುತ್ತಾರೆ. 12 ಗಂಟೆಗೇ ಆಗುತ್ತದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಆದರೆ 12 ದಾಟಿ ಸುಮಾರು 27 ನಿಮಿಷ ಆಗಿರುತ್ತದೆ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ನಾವಿರುವುದು ಸುಮಾರು 75.7 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷ. ಲೆಕ್ಕ ಅವರೇ ಮಾಡುತ್ತಾರೆ. ಇದನ್ನು ಮಾಡುವವರು ಸೆಪ್ಟೆಂಬರ್ ಮೊದಲ ವಾರದಲ್ಲಿ, ಬಿಸಿಲಿರುವ ದಿನ ನೋಡಿ ಮಾಡಿ. ವರ್ಷದ ಬೇರೆ ಬಹಳಷ್ಟು ದಿನಗಳಲ್ಲಿ ಸೂರ್ಯನ ವೇಳೆಯೇ ಕೆಲವು ನಿಮಿಷ ಹಿಂದೆ ಮುಂದೆ ಆಗುತ್ತದೆ, ಲೆಕ್ಕ ಹೊಂದುವುದಿಲ್ಲ.

ಇತಿಹಾಸಕ್ಕೆ ಬರೋಣ. ಚಾಲುಕ್ಯರ ಪಾಠ ಬಂದಾಗ ನಾವು ಐಹೊಳೆಗೆ ಹೋಗುತ್ತೇವೆ. ದುರ್ಗದ ಗುಡಿಯ ಮುಂದೆ ಫೋಟೋ ತೆಗೆಸಿಕೊಂಡು ವಾಪಸ್ ಬರುವವರೇ ಜಾಸ್ತಿ. ನಾನು ಮಕ್ಕಳನ್ನು ನೇರ ಮೇಗುತಿ ಗುಡ್ಡ ಹತ್ತಿಸುತ್ತೇನೆ. ಅಲ್ಲಿನ ಜೈನ ಬಸದಿಯ ಪೂರ್ವದ ಗೋಡೆಯಲ್ಲಿ ರವಿಕೀರ್ತಿ ಬರೆದ ಶಾಸನವಿದೆ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ, 19 ಸಾಲು. ಮಕ್ಕಳಿಗೆ ಓದಲು ಬರುವುದಿಲ್ಲ. ಆದರೂ ಪುಸ್ತಕದಲ್ಲಿ ಒಂದು ಸಾಲಾಗಿ ಮುಗಿದುಹೋಗುವ ‘ಐಹೊಳೆ ಶಾಸನ’ ಅಂದರೆ ಇದೇ ಕಲ್ಲು ಅಂತ ಕಣ್ಣಾರೆ ನೋಡುವುದೇ ಬೇರೆ.

ಶಾಸನದ ಕಾಲ ಶಕ ವರ್ಷ 556. ಅದಕ್ಕೆ 78 ಕೂಡಿಸಿದರೆ ಕ್ರಿ.ಶ. 634. ಬಾದಾಮಿಯ ಬಂಡೆಯ ಮೇಲಿರುವ ಒಂದನೇ ಪುಲಕೇಶಿಯ ಶಾಸನದಲ್ಲಿ ಶಕ 465 ಅಂತಿದೆ, ಅದು 543. ಮೂರನೇ ಗುಹೆಯಲ್ಲಿ ಮಂಗಲೇಶನ ಶಾಸನದ್ದು ಶಕ 500, ಅಂದರೆ 578. ಇಸವಿಗಳನ್ನು ಹೀಗೆ ತಾವೇ ಕಂಡುಹಿಡಿದಾಗ ಬಾಯಿಪಾಠ ಮಾಡಿಸುವ ಗೋಜೇ ಇರುವುದಿಲ್ಲ.

ನಿಜವಾದ ಪಾಠ ಶುರುವಾಗುವುದು ಇದಾದ ಮೇಲೆ. ಇಮ್ಮಡಿ ಪುಲಕೇಶಿ ನರ್ಮದೆಯ ದಂಡೆಯಲ್ಲಿ ಹರ್ಷನನ್ನು ತಡೆದ ಅಂತ ರವಿಕೀರ್ತಿ ಹೇಳುತ್ತಾನೆ. ರವಿಕೀರ್ತಿ ಯಾರ ಕವಿ? ಪುಲಕೇಶಿಯ ಆಶ್ರಯದಲ್ಲಿದ್ದವನು. ‘ಹಂಗಾದ್ರ ಅವ ಹೊಗಳೇ ಹೊಗಳತಾನಲ್ರಿ, ಖರೆ ಅಂತ ಹ್ಯಾಂಗ ನಂಬೂದು?’ ಅಂತ ಒಬ್ಬಳು ಕೇಳಿದಳು. ಆಗ ಇನ್ನೊಬ್ಬ ಸಾಕ್ಷಿಯನ್ನು ಕರೆಯುತ್ತೇನೆ. ಚೀನಾದಿಂದ ಬಂದಿದ್ದ ಹ್ಯೂಯೆನ್‌ತ್ಸಾಂಗ್. ಅವನಿಗೆ ಮರ್ಯಾದೆ ಕೊಟ್ಟು ಸಲಹಿದವನು ಹರ್ಷ. ಅಂಥವನು ಕೂಡ ಹರ್ಷನಿಗೆ ಪುಲಕೇಶಿಯ ನಾಡನ್ನು ಗೆಲ್ಲಲು ಆಗಲಿಲ್ಲ ಅಂತಲೇ ಬರೆದಿದ್ದಾನೆ. ತನ್ನನ್ನು ಸಲಹಿದವನಿಗೇ ಸೋಲು ಅಂತ ಬರೆದರೆ ಆ ಮಾತಿಗೆ ತೂಕ ಜಾಸ್ತಿ, ಅಲ್ವಾ? ಇದನ್ನು ಮಕ್ಕಳು ತಟ್ಟನೆ ಹಿಡಿಯುತ್ತಾರೆ. ಊರಿನ ಜಗಳಗಳಲ್ಲಿ ಯಾರ ಸಾಕ್ಷಿ ನಂಬಬೇಕು ಅಂತ ಅವರಿಗೆ ಮೊದಲೇ ಗೊತ್ತಿರುತ್ತದೆ.

ಮುಂದಿನ ಪ್ರಶ್ನೆ ಇನ್ನೂ ಚೆಂದ. ಪಲ್ಲವರ ನರಸಿಂಹವರ್ಮ 642ರಲ್ಲಿ ಬಾದಾಮಿಯನ್ನೇ ಹಿಡಿದ. ಐಹೊಳೆ ಶಾಸನ ಇದನ್ನು ಯಾಕೆ ಹೇಳುವುದಿಲ್ಲ? ‘ಮುಚ್ಚಿಟ್ಟಾರ್ರಿ’ ಅಂತ ತರಗತಿಯೆಲ್ಲ ಕೂಗುತ್ತದೆ. ಸ್ವಲ್ಪ ತಡೆದು, ಶಾಸನದ ಇಸವಿ ನೋಡಿ ಅನ್ನುತ್ತೇನೆ. 634. ಸೋಲು ಆಗ ಇನ್ನೂ ಆಗಿಯೇ ಇರಲಿಲ್ಲ. ಸಂಶಯ ಪಡುವುದಕ್ಕೂ ಆಧಾರ ಬೇಕು ಅನ್ನುವುದನ್ನು ಈ ಒಂದು ಪ್ರಶ್ನೆ ಕಲಿಸುವಷ್ಟು ನನ್ನ ಯಾವ ಭಾಷಣವೂ ಕಲಿಸಿಲ್ಲ. ಪಲ್ಲವರ ಗೆಲುವಿನ ಶಾಸನವೂ ಬಾದಾಮಿಯ ಬಂಡೆಯ ಮೇಲೆ, ಸವೆದ ಅಕ್ಷರಗಳಲ್ಲಿ ಇದೆ. ಮುಂದೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದು, ಅಲ್ಲಿನ ಕೈಲಾಸನಾಥ ಗುಡಿಯಲ್ಲಿ ಕನ್ನಡ ಶಾಸನ ಬರೆಸಿದ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕಟ್ಟಿಸಿದಳು. ಗುಡಿ ಕಟ್ಟಿದ ಶಿಲ್ಪಿ ಗುಂಡ ಅನಿವಾರಿತಾಚಾರಿಯ ಹೆಸರೂ ಅಲ್ಲಿನ ಶಾಸನದಲ್ಲಿದೆ. ರಾಜನ ಹೆಸರಿಗಿಂತ ಈ ಶಿಲ್ಪಿಯ ಹೆಸರನ್ನು ಮಕ್ಕಳು ಖುಷಿಯಿಂದ ಬರೆದುಕೊಳ್ಳುತ್ತಾರೆ. ಅದು ನನಗೂ ಖುಷಿ.

ಎಲ್ಲ ಪಾಠಕ್ಕೂ ಊರಿನ ಉದಾಹರಣೆ ಹುಡುಕಬೇಕು ಅಂತ ನಾನು ಹೇಳುವುದಿಲ್ಲ. ಮೊದಲ ಮಹಾಯುದ್ಧವನ್ನು ನಮ್ಮೂರಿಗೆ ಎಳೆದು ತಂದರೆ ಕೆಡುತ್ತದೆ. ಅದನ್ನು ಯುರೋಪಿನ ನಕ್ಷೆ ಹಿಡಿದು, ನೆಟ್ಟಗೆ, ಕಥೆಯಾಗಿ ಹೇಳುವುದೇ ಸರಿ.

ರಾಜ್ಯಶಾಸ್ತ್ರದಲ್ಲಿ 73ನೇ ತಿದ್ದುಪಡಿ, 1993, ಮೂರು ಹಂತದ ಪಂಚಾಯಿತಿ ಅಂತ ಮಕ್ಕಳು ಪಟಪಟ ಹೇಳುತ್ತಾರೆ. ಆದರೆ ನಮ್ಮ ವಾರ್ಡಿನ ಸದಸ್ಯರು ಯಾರು ಅಂದರೆ ಸುಮ್ಮನಾಗುತ್ತಾರೆ. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು ಅಂತ ಸರ್ಕಾರದ ಆದೇಶವಿದೆ. ಬಹಳ ಕಡೆ ಅದು ಹಾರ, ಭಾಷಣ, ಬಿಸ್ಕೀಟಿನಲ್ಲಿ ಮುಗಿಯುತ್ತದೆ. ನಾವು ತಿಂಗಳ ಮುಂಚೆಯೇ ತಯಾರಿ ಮಾಡುತ್ತೇವೆ. ಮಕ್ಕಳು ಓಣಿ ಓಣಿ ತಿರುಗಿ ಪಟ್ಟಿ ಮಾಡುತ್ತಾರೆ. ಆ ಪಟ್ಟಿಯನ್ನು ತರಗತಿಯಲ್ಲಿ ಸೋಸುತ್ತೇವೆ. ಯಾವುದು ಪಂಚಾಯಿತಿ ಕೆಲಸ, ಯಾವುದು ಬಸ್ಸಿನವರದು, ಯಾವುದು ಕರೆಂಟಿನವರದು ಅಂತ. ರಾಜ್ಯಶಾಸ್ತ್ರದ ಅರ್ಧ ಪಾಠ ಈ ಸೋಸುವುದರಲ್ಲೇ ಆಗಿಬಿಡುತ್ತದೆ.

ಒಂದು ವರ್ಷ ಹುಡುಗಿಯರು ಶಾಲೆಯ ದಾರಿಗೆ ಬೀದಿದೀಪ ಬೇಕು ಅಂತ ಅರ್ಜಿ ಬರೆದರು. ನಾನು ಹೇಳಿದ್ದು ಇಷ್ಟೇ: ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿಯ ಸಹಿ, ಸಿಕ್ಕೆ ಹಾಕಿಸಿಕೊಂಡು ಬನ್ನಿ. ಆ ಹಾಳೆ ಹಿಡಿದು ಅವರು ಮತ್ತೆ ಮತ್ತೆ ಹೋಗಿ ಕೇಳಿದರು. ದೀಪ ತಡವಾಗಿ ಬಂತು, ಆದರೆ ಬಂತು. ಅದೇ ಸಭೆಯಲ್ಲಿ ಒಬ್ಬ ಸದಸ್ಯೆಯ ಬದಲು ಅವರ ಗಂಡ ಉತ್ತರ ಕೊಡಲು ಎದ್ದಿದ್ದರು. ‘ಮಹಿಳೆಯರಿಗೆ ಅರ್ಧದಷ್ಟು ಸೀಟು ಅಂತ ಓದೀವಿ. ನಮ್ಮ ಪ್ರಶ್ನೆಗೆ ಅಕ್ಕಾರೇ ಉತ್ತರ ಹೇಳಲ್ರಿ’ ಅಂತ 9ನೇ ಇಯತ್ತೆಯ ಹುಡುಗಿ ವಿನಯದಿಂದಲೇ ಕೇಳಿದಳು. ಆ ತಾಯಿ ಎದ್ದು ನಿಂತು ಚೆನ್ನಾಗೇ ಮಾತಾಡಿದರು.

ಅರ್ಥಶಾಸ್ತ್ರಕ್ಕೆ ಇನ್ನೊಂದು ನಕ್ಷೆ. ದಸರೆ, ದೀಪಾವಳಿ ಆದ ಮೇಲೆ ನಮ್ಮ ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದೆ ಖಾಲಿ ಬೀಳುತ್ತದೆ. ಮನೆಯವರು ದುಡಿಯಲು ಹೊರಟಿರುತ್ತಾರೆ. ಗೋವಾ, ಮಂಗಳೂರು, ಮಹಾರಾಷ್ಟ್ರ, ಕಬ್ಬು ಕಡಿಯುವ ಗ್ಯಾಂಗು. ಯಾರ ಹೆಸರನ್ನೂ ಬರೆಯದೆ, ಊರಿನಿಂದ ದುಡಿಮೆಯ ಜಾಗಗಳಿಗೆ ಗೆರೆ ಎಳೆಯಿರಿ ಅಂದೆ. ಗೋಡೆಯ ನಕ್ಷೆ ಗೆರೆಗಳಿಂದ ತುಂಬಿತು. ಅಸಂಘಟಿತ ವಲಯ ಅನ್ನುವ ಪಾಠ ಆ ನಕ್ಷೆಯ ಮುಂದೆ ಮಾಡಿದ್ದು. ಹೆಸರು ಬರೆಸಬಾರದು ಅನ್ನುವುದು ಬಹಳ ಮುಖ್ಯ. ಮನೆಯ ಬಡತನವನ್ನು ತರಗತಿಯ ಮುಂದೆ ತೆರೆದಿಡುವ ಹಕ್ಕು ನಮಗಿಲ್ಲ. ಬಾಲ್ಯವಿವಾಹದ ಪಾಠದಲ್ಲೂ ಇದೇ ಎಚ್ಚರ. ಮಕ್ಕಳ ಸಹಾಯವಾಣಿ 1098 ನಂಬರನ್ನು ಬೋರ್ಡಿನ ಮೂಲೆಯಲ್ಲಿ ವರ್ಷವಿಡೀ ಬಿಟ್ಟಿರುತ್ತೇನೆ. ಯಾರಿಗೆ ಬೇಕೋ ಅವರು ಬರೆದುಕೊಳ್ಳುತ್ತಾರೆ.

ಪಾಲಕರ ಸಭೆಯಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ. ‘ಹಿಂಗ ಊರ ಸುತ್ತಿಸಿದ್ರ ಮಾರ್ಕ್ಸ್ ಹ್ಯಾಂಗ ಬರ್ತಾವ್ರಿ ಟೀಚರ್?’ ಕೇಳುವುದು ನ್ಯಾಯವೇ. ಎಸ್ಸೆಸ್ಸೆಲ್ಸಿಯಲ್ಲಿ 80 ಅಂಕ ಬರೆದೇ ಗಳಿಸಬೇಕು, 20 ಮಾತ್ರ ಆಂತರಿಕ. ಹಾಗಾಗಿ ಹೊರಗಿನ ಕೆಲಸವನ್ನೆಲ್ಲ 8 ಮತ್ತು 9ರಲ್ಲೇ ಮುಗಿಸುತ್ತೇನೆ. 10ರಲ್ಲಿ ಪೋರ್ಷನ್ ಬೇಗ ಮುಗಿಸಿ ಬರೆಸುತ್ತೇನೆ. ಬರೆಸುವಾಗಲೂ ಒಂದು ನಿಯಮವಿದೆ. ಪ್ರತಿ ಉತ್ತರದಲ್ಲಿ ಪ್ರತಿ ಅಂಶದ ಜೊತೆ ಒಂದು ಆಧಾರ ಇರಬೇಕು: ಒಂದು ಹೆಸರು, ಒಂದು ಇಸವಿ ಅಥವಾ ಒಂದು ಸ್ಥಳ. ಇದರಿಂದ ಉತ್ತರ ಗಟ್ಟಿಯಾಗುತ್ತದೆ, ಅಂಕವೂ ಬರುತ್ತದೆ. ಪಾಸಾಗಲು ಬೇಕಾದಷ್ಟನ್ನೇ ಆರಿಸಿ ಕಲಿಸುವ ಪಾಸಿಂಗ್ ಪ್ಯಾಕೇಜನ್ನು ನಾನು ಬಿಟ್ಟಿಲ್ಲ. ತಿಂಗಳುಗಟ್ಟಲೆ ಕಬ್ಬಿನ ಗದ್ದೆಯಲ್ಲಿದ್ದು ವಾಪಸ್ ಬಂದ ಹುಡುಗನಿಗೆ ಅದೇ ಆಸರೆ. ಅವನಿಗೆ ಮೊದಲು ನಕ್ಷೆ ಬರೆಯುವುದನ್ನು ಕಲಿಸುತ್ತೇನೆ, ಅದು ಕೈಗೆ ಬೇಗ ಹತ್ತುತ್ತದೆ.

ಈ ವರ್ಷ ಕನ್ನಡ ಮಾಸ್ತರರ ಜೊತೆ ಸೇರಿ ಒಂದು ಪಾಠ ತಯಾರಿ ಮಾಡಿದ್ದೇವೆ. ಮುಧೋಳ ತಾಲೂಕಿನ ಹಲಗಲಿಯ ಬೇಡರು 1857ರಲ್ಲಿ ಹತಾರ ಒಪ್ಪಿಸಲು ಒಪ್ಪದೆ ಬ್ರಿಟಿಷರ ಎದುರು ನಿಂತರು. ಅವರ ಮೇಲಿನ ಲಾವಣಿಯನ್ನು ಮಕ್ಕಳು ಕನ್ನಡ ತಾಸಿನಲ್ಲಿ ಓದುತ್ತಾರೆ, ನಿಶ್ಶಸ್ತ್ರೀಕರಣದ ಕಾಯ್ದೆಯನ್ನು ನನ್ನ ತಾಸಿನಲ್ಲಿ. ಲಾವಣಿಯಲ್ಲಿ ಇದ್ದು ಪುಸ್ತಕದಲ್ಲಿ ಇಲ್ಲದ್ದು ಏನು, ಪುಸ್ತಕದಲ್ಲಿ ಇದ್ದು ಲಾವಣಿಯಲ್ಲಿ ಇಲ್ಲದ್ದು ಏನು ಅಂತ ಎರಡು ಪಟ್ಟಿ ಮಾಡಬೇಕು. ಆಮೇಲೆ ಪ್ರತಿ ಸಾಲಿನ ಮುಂದೆ ಆ ಮಾತು ಯಾರು ಹೇಳಿದ್ದು ಅಂತ ಬರೆಯಬೇಕು. ಬೇರೆ ಶಾಲೆಯ ಶಿಕ್ಷಕರು ಇದನ್ನು ತಮ್ಮ ತರಗತಿಯಲ್ಲಿ ಮಾಡುವುದಾದರೆ ಎರಡು ತಾಸು ಜೋಡಿಸಿಕೊಳ್ಳಿ. ಒಂದರಲ್ಲಿ ಮುಗಿಯುವುದಿಲ್ಲ.